ಗೂಡಿನೊಳಗಿನ ಜೀವಕ್ಕೆ ಹೊಣೆ ಯಾರು?

ಒಂದು ಕಾಲದಲ್ಲಿ ನಮ್ಮ ಮನೆಗಳ ಜಗಲಿಯಲ್ಲಿ ಗಿಳಿಯ ಪಂಜರ ತೂಗುತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅದನ್ನು ತಪ್ಪೆಂದು ಸಾರಿತು. ಸಾರಿದ್ದು ಒಳ್ಳೆಯದೇ ಆಯಿತು. ಆಮೇಲೆ ಬಣ್ಣದ ಮೀನು ಬಂತು, ಬಿಳಿ ಮೊಲ ಬಂತು. ಈಗ ಕೆಲವು ವರ್ಷಗಳಿಂದ ಗಿನಿಯಿಲಿಯ ಸರದಿ. ಬಾಲವಿಲ್ಲದ ದುಂಡು ಮೈ, ಗಿಡ್ಡ ಕಾಲು, ಹೊಳೆಯುವ ಕಣ್ಣು, ಯಾರನ್ನೂ ಕಚ್ಚಲು ಹೋಗದ ಸಾಧು ಸ್ವಭಾವ. ಮಗು ಕೇಳುತ್ತದೆ, ಹೆತ್ತವರು ಪೇಟೆಯಿಂದ ತಂದುಕೊಡುತ್ತಾರೆ. ಹುಟ್ಟುಹಬ್ಬಕ್ಕೆ ಒಂದು, ಒಳ್ಳೆಯ ಅಂಕ ತಂದದ್ದಕ್ಕೆ ಒಂದು. ತರುವುದು ಸುಲಭ, ತಂದದ್ದನ್ನು ಉಳಿಸಿಕೊಳ್ಳುವುದು ಹೇಗೆಂಬ ಯೋಚನೆ ಮಾತ್ರ ಹೆಚ್ಚಿನವರಿಗೆ ಬಂದಂತಿಲ್ಲ.

ಈಚೆಗೆ ನಮ್ಮ ತರಗತಿಯಲ್ಲಿ ‘ನಮ್ಮ ಮನೆಯ ಸಾಕುಪ್ರಾಣಿ’ ಎಂಬ ವಿಷಯ ಕೊಟ್ಟು ಪ್ರಬಂಧ ಬರೆಸಿದೆವು. ದನ, ನಾಯಿ, ಬೆಕ್ಕುಗಳ ಬಗ್ಗೆ ಬರೆದವರು ಅವುಗಳ ಗುಣಗಾನ ಮಾಡಿ ಮುಗಿಸಿದ್ದರು. ಗಿನಿಯಿಲಿಯ ಬಗ್ಗೆ ಬರೆದವರ ಪುಸ್ತಕಗಳಲ್ಲಿ ಮಾತ್ರ ಕೊನೆಯ ಸಾಲು ಹೆಚ್ಚುಕಡಿಮೆ ಒಂದೇ ಆಗಿತ್ತು: ಅದು ಸತ್ತುಹೋಯಿತು, ಯಾಕೆಂದು ಗೊತ್ತಿಲ್ಲ. ಒಬ್ಬ ಹುಡುಗ ಇನ್ನೊಂದು ಸಾಲು ಸೇರಿಸಿದ್ದ: ಅಪ್ಪ ಬೇರೊಂದು ತಂದುಕೊಡುತ್ತಾರಂತೆ.

ಈ ಎರಡು ಸಾಲುಗಳೇ ನಮ್ಮನ್ನು ಈ ಲೇಖನಕ್ಕೆ ಹಚ್ಚಿದುವು. ಸರಿಯಾಗಿ ನೋಡಿಕೊಂಡರೆ ಗಿನಿಯಿಲಿ ಐದರಿಂದ ಎಂಟು ವರ್ಷ ಬದುಕುವ ಪ್ರಾಣಿ. ಐದನೆಯ ತರಗತಿಯ ಮಗುವಿನ ಕೈಗೆ ಕೊಟ್ಟರೆ ಆ ಮಗು ಹತ್ತನೆಯ ತರಗತಿ ದಾಟುವ ತನಕ ಜೊತೆಗಿರಬೇಕಾದದ್ದು. ಅಂಥದು ಎರಡು ತಿಂಗಳೊಳಗೆ ಸಾಯುತ್ತದೆಂದರೆ ಅದು ವಿಧಿಯಾಟವಲ್ಲ, ಪಾಲನೆಯ ಕೊರತೆ. ಈ ಕೊರತೆ ಏನೆಂಬುದು ವಿಜ್ಞಾನಕ್ಕೆ ನೂರು ವರ್ಷಗಳಿಗೂ ಹಿಂದಿನಿಂದ ಗೊತ್ತು. ಗೊತ್ತಿಲ್ಲದಿರುವುದು ನಮ್ಮ ಮನೆಗಳಿಗೆ ಮಾತ್ರ.

ಹೆಸರಿನ ಗೊಂದಲ

ಮೊದಲು ಈ ಪ್ರಾಣಿ ಯಾರೆಂದು ತಿಳಿಯೋಣ. ಇಂಗ್ಲಿಷಿನಲ್ಲೂ ಮಲಯಾಳದಲ್ಲೂ ಇದನ್ನು ಗಿನಿಯ ಹಂದಿ ಎನ್ನುತ್ತಾರೆ. ಆದರೆ ಇದು ಹಂದಿಯಲ್ಲ, ಆಫ್ರಿಕದ ಗಿನಿ ದೇಶಕ್ಕೂ ಇದಕ್ಕೂ ಸಂಬಂಧವಿಲ್ಲ. ಇದರ ತವರು ದಕ್ಷಿಣ ಅಮೆರಿಕದ ಆಂಡಿಸ್ ಪರ್ವತ ಪ್ರದೇಶ, ಎಂದರೆ ಇಂದಿನ ಪೆರು, ಬೊಲಿವಿಯಗಳ ಸೀಮೆ. ಅಲ್ಲಿಯ ಜನ ಸಾವಿರಾರು ವರ್ಷಗಳಿಂದ ಇದನ್ನು ಮನೆಯೊಳಗೆ ಸಾಕುತ್ತ ಬಂದಿದ್ದಾರೆ. ಅವರ ಕೆಚುವಾ ಭಾಷೆಯಲ್ಲಿ ಇದರ ಹೆಸರು ‘ಕುಯ್’. ಹಸಿದಾಗ ಇದು ಕೂಗುವುದನ್ನು ಕೇಳಿದವರು ಆ ಹೆಸರು ಎಷ್ಟು ಒಪ್ಪುತ್ತದೆಂದು ತಲೆದೂಗುವರು. 16ನೆಯ ಶತಮಾನದಲ್ಲಿ ಯುರೋಪಿನವರು ಇದನ್ನು ಹಡಗಿನಲ್ಲಿ ಒಯ್ದರು. ಇಲಿಯ ಗಣಕ್ಕೆ ಸೇರಿದ್ದಾದ್ದರಿಂದ ಕನ್ನಡದ ‘ಗಿನಿಯಿಲಿ’ ಎಂಬ ಹೆಸರೇ ಹೆಚ್ಚು ಸರಿ.

ತವರಿನ ಮಾತು ಯಾಕೆ ಹೇಳಿದೆವೆಂದರೆ, ಇದು ತಂಪು ಬೆಟ್ಟದ ಪ್ರಾಣಿ, ಹುಲ್ಲು ತಿಂದು ಬದುಕುವ ಪ್ರಾಣಿ, ಗುಂಪಿನಲ್ಲಿ ಇರುವ ಪ್ರಾಣಿ. ಈ ಮೂರನ್ನು ನೆನಪಿಟ್ಟುಕೊಂಡರೆ ಅರ್ಧ ಪಾಲನೆ ಕಲಿತಂತೆ. ನಮ್ಮಲ್ಲಿ ಇದಕ್ಕೆ ಸಿಗುತ್ತಿರುವುದು ಇವುಗಳಿಗೆ ವಿರುದ್ಧವಾದದ್ದು: ತಗಡಿನ ಮಾಡಿನ ಬಿಸಿ, ಅನ್ನ ಮತ್ತು ಬಿಸ್ಕತ್ತು, ಒಂಟಿ ಗೂಡು.

ಅನ್ನವಲ್ಲ, ಹುಲ್ಲು

ಆಹಾರದ ವಿಚಾರ ಎಲ್ಲಕ್ಕಿಂತ ಮುಖ್ಯ. ಗಿನಿಯಿಲಿಯ ಹಲ್ಲು ಜೀವನವಿಡೀ ಬೆಳೆಯುತ್ತಲೇ ಇರುತ್ತದೆ. ಸವೆಯಬೇಕಾದರೆ ಹುಲ್ಲನ್ನು ಹಗಲೂ ರಾತ್ರಿಯೂ ಜಗಿಯುತ್ತಿರಬೇಕು. ಅದರ ಕರುಳು ಸಹ ನಾರಿನ ಆಹಾರಕ್ಕಾಗಿ ಆದದ್ದು. ಹೊಟ್ಟೆ ಖಾಲಿ ಬಿದ್ದರೆ ಕರುಳಿನ ಚಲನೆಯೇ ನಿಲ್ಲುತ್ತದೆ. ಆದ್ದರಿಂದ ಅದರ ಆಹಾರದಲ್ಲಿ ನೂರಕ್ಕೆ ಎಂಬತ್ತು ಪಾಲು ಹುಲ್ಲೇ ಆಗಿರಬೇಕು ಮತ್ತು ಗೂಡಿನಲ್ಲಿ ಹುಲ್ಲು ಮುಗಿಯಬಾರದು. ಅಂಗಳದ ಗರಿಕೆ, ಗದ್ದೆ ಬದುವಿನ ಹುಲ್ಲು, ಹಾಲಿನ ದನಕ್ಕೆಂದು ಬೆಳೆಸುವ ಗಿನಿಹುಲ್ಲು, ಇವೆಲ್ಲ ಆಗುತ್ತದೆ. ಆಫ್ರಿಕದ ಕೆಲವು ದೇಶಗಳಲ್ಲಿ ಗಿನಿಯಿಲಿಗೆ ಹಾಕುವುದು ಈ ಗಿನಿಹುಲ್ಲನ್ನೇ. ಬೈಹುಲ್ಲಿನಲ್ಲಿ ಸತ್ವ ಕಡಿಮೆ. ಅದು ಹಾಸಲು ಒಳ್ಳೆಯದು, ಅದೇ ಊಟವಾಗಬಾರದು.

ಇಲ್ಲಿ ನಮ್ಮ ಊರಿನವರಿಗೆ ಒಂದು ವಿಶೇಷ ಎಚ್ಚರಿಕೆ ಹೇಳಬೇಕಾಗಿದೆ. ಮಳೆಗಾಲದಲ್ಲಿ ಅಡಿಕೆಗೆ ಬೋರ್ಡೋ ದ್ರಾವಣ ಬಿಟ್ಟ ಮೇಲೆ ತೋಟದ ಬುಡದ ಹುಲ್ಲನ್ನು ತಂದು ಹಾಕಬಾರದು. ಅದರಲ್ಲಿರುವ ಮೈಲುತುತ್ತು ಎಲೆಯ ಮೇಲೆ ಉಳಿಯುತ್ತದೆ. ಒಂದು ಕಿಲೋ ತೂಗದ ಪ್ರಾಣಿಗೆ ಅಷ್ಟು ವಿಷ ಸಾಕು. ಗೇರು ತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಸುರಿದದ್ದನ್ನು 2000ನೆಯ ಇಸವಿಯ ತನಕ ಕಂಡ ಜಿಲ್ಲೆ ನಮ್ಮದು. ಎಲೆಯ ಮೇಲೆ ಬಿದ್ದ ವಿಷ ಎಲ್ಲಿಗೆ ತಲುಪುತ್ತದೆಂದು ನಮಗೆ ಹೊರಗಿನವರು ಬಂದು ಹೇಳಬೇಕಾಗಿಲ್ಲ.

ಎರಡನೆಯದು ವಿಟಮಿನ್ ‘ಸಿ’. ಹೆಚ್ಚಿನ ಪ್ರಾಣಿಗಳ ಶರೀರ ಈ ವಿಟಮಿನನ್ನು ತಾನೇ ತಯಾರಿಸಿಕೊಳ್ಳುತ್ತದೆ. ಹಟ್ಟಿಯ ದನ ಮಾಡಿಕೊಳ್ಳುತ್ತದೆ, ನಾಯಿ ಬೆಕ್ಕು ಮಾಡಿಕೊಳ್ಳುತ್ತವೆ, ಮೊಲವೂ ಮಾಡಿಕೊಳ್ಳುತ್ತದೆ. ಮನುಷ್ಯ, ಕೋತಿ ಮತ್ತು ಗಿನಿಯಿಲಿಗೆ ಆ ಶಕ್ತಿಯಿಲ್ಲ. ದಿನಕ್ಕೆ ಸುಮಾರು 10ರಿಂದ 30 ಮಿಲಿಗ್ರಾಂ ‘ಸಿ’ ಆಹಾರದ ಮೂಲಕವೇ ಸಿಗಬೇಕು. ಗಬ್ಬದ ಹೆಣ್ಣಿಗೂ ಬೆಳೆಯುವ ಮರಿಗೂ ಹೆಚ್ಚು ಬೇಕು. ಸಿಗದಿದ್ದರೆ ಎರಡು ಮೂರು ವಾರಗಳಲ್ಲೇ ಸ್ಕರ್ವಿ ರೋಗ ಕಾಣಿಸಿಕೊಳ್ಳುತ್ತದೆ. ರೋಮ ಒರಟಾಗುತ್ತದೆ, ಕೀಲುಗಳು ಊದುತ್ತವೆ, ಒಸಡಿನಲ್ಲಿ ರಕ್ತ ಬರುತ್ತದೆ, ಹಿಂಗಾಲು ಎಳೆದು ನಡೆಯುತ್ತದೆ, ಮುಟ್ಟಿದರೆ ನೋವಿನಿಂದ ಕೂಗುತ್ತದೆ, ಕೊನೆಗೆ ಆಹಾರ ಬಿಟ್ಟು ಮೂಲೆ ಹಿಡಿಯುತ್ತದೆ. ‘ಯಾಕೆಂದು ಗೊತ್ತಿಲ್ಲ’ ಎಂದು ಮಕ್ಕಳು ಬರೆದ ಸಾವುಗಳಲ್ಲಿ ಹಲವು ಇಂಥವೇ ಇರಬೇಕೆಂದು ನಮ್ಮ ಊಹೆ.

ಈ ವಿಷಯದಲ್ಲಿ ಗಿನಿಯಿಲಿಗೆ ಮನುಷ್ಯಕುಲ ಸಾಲಗಾರ. 1907ರಲ್ಲಿ ನಾರ್ವೆಯ ಆಕ್ಸೆಲ್ ಹೋಲ್ಸ್ಟ್ ಮತ್ತು ಥಿಯೋಡೋರ್ ಫ್ರೋಲಿಕ್ ಎಂಬವರು, ಹಡಗಿನ ನಾವಿಕರನ್ನು ಬಾಧಿಸುತ್ತಿದ್ದ ಕಾಯಿಲೆಯೊಂದರ ಕಾರಣ ಹುಡುಕುತ್ತ, ಗಿನಿಯಿಲಿಗಳಿಗೆ ಬರೇ ಧಾನ್ಯವನ್ನು ತಿನ್ನಿಸಿ ನೋಡಿದರು. ಅವುಗಳಿಗೆ ಸ್ಕರ್ವಿ ಬಂತು. ಹಸಿರು ತರಕಾರಿ ಕೊಟ್ಟಾಗ ಗುಣವಾಯಿತು. ಹಂಗೆರಿಯ ಸೆಂಟ್ ಗ್ಯೋರ್ಗಿ 1932ರಲ್ಲಿ ವಿಟಮಿನ್ ‘ಸಿ’ ಯಾವ ವಸ್ತುವೆಂದು ಖಚಿತಪಡಿಸಿದ್ದು ಗಿನಿಯಿಲಿಗಳ ಮೇಲಿನ ಪರೀಕ್ಷೆಯಿಂದಲೇ. 1937ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. 1882ರಲ್ಲಿ ಕ್ಷಯರೋಗದ ಸೂಕ್ಷ್ಮಾಣುವನ್ನು ರಾಬರ್ಟ್ ಕಾಕ್ ಜಗತ್ತಿಗೆ ತೋರಿಸಿದಾಗಲೂ ಸಾಕ್ಷಿಗಟ್ಟೆಯಲ್ಲಿ ನಿಂತದ್ದು ಗಿನಿಯಿಲಿಯೇ. ನಮ್ಮ ಮಕ್ಕಳ ಒಸಡು ಗಟ್ಟಿಯಾಗಿರಲು ಯಾವ ಪ್ರಾಣಿ ಸಾವಿರಗಟ್ಟಲೆಯಾಗಿ ಪ್ರಾಣ ಕೊಟ್ಟಿತೋ ಅದೇ ಪ್ರಾಣಿ, ಅದೇ ರೋಗದಿಂದ, ನಮ್ಮದೇ ಜಗಲಿಯಲ್ಲಿ ಸಾಯುವುದು ನ್ಯಾಯವೇ?

ಪರಿಹಾರ ದುಬಾರಿಯದೂ ಅಲ್ಲ. ನಮ್ಮ ಹಿತ್ತಲಿನ ಪೇರಳೆ ಹಣ್ಣಿನಲ್ಲಿ 100 ಗ್ರಾಮಿಗೆ ಸುಮಾರು 200 ಮಿಲಿಗ್ರಾಂ ವಿಟಮಿನ್ ‘ಸಿ’ ಇದೆ. ಲೆಕ್ಕ ಹಾಕಿದರೆ 10 ಗ್ರಾಮಿನ ಒಂದು ಚಿಕ್ಕ ಹೋಳಿನಲ್ಲಿ 20 ಮಿಲಿಗ್ರಾಂ ಸಿಕ್ಕಿತು. ಹಣ್ಣಿನಲ್ಲಿ ಸಕ್ಕರೆಯಿರುವುದರಿಂದ ವಾರಕ್ಕೆ ಎರಡು ಮೂರು ಸಲ ಸಾಕು. ಉಳಿದ ದಿನ ದೊಣ್ಣೆಮೆಣಸಿನ ತುಂಡು, ಕೊತ್ತಂಬರಿ ಸೊಪ್ಪು, ಒಂದಿಷ್ಟು ನುಗ್ಗೆಸೊಪ್ಪು, ನೆಲ್ಲಿಕಾಯಿಯ ಸಣ್ಣ ಚೂರು, ಹೀಗೆ ಬದಲಾಯಿಸುತ್ತ ಕೊಡಬಹುದು. ಬಸಳೆ, ಹರಿವೆಗಳನ್ನು ದಿನಾಲೂ ಕೊಟ್ಟರೆ ಮೂತ್ರದಲ್ಲಿ ಕಲ್ಲಾಗುವ ಭಯವಿದೆ, ಅಪರೂಪಕ್ಕೆ ಸಾಕು. ಕುಡಿಯುವ ನೀರಿನಲ್ಲಿ ವಿಟಮಿನ್ ಕರಗಿಸಿ ಇಟ್ಟರೆ ಕೆಲವೇ ಗಂಟೆಗಳಲ್ಲಿ ಅದರ ಶಕ್ತಿ ಕುಂದುತ್ತದೆ. ಅಂಗಡಿಯಲ್ಲಿ ಕೊಡುವ ಮೊಲದ ಕಾಳಿನಲ್ಲಿ ‘ಸಿ’ ಸೇರಿಸಿರುವುದಿಲ್ಲ, ಯಾಕೆಂದರೆ ಮೊಲಕ್ಕೆ ಅದರ ಅಗತ್ಯವಿಲ್ಲ. ಅನ್ನ, ರೊಟ್ಟಿ, ಬಿಸ್ಕತ್ತು, ಹಾಲು ಕೂಡದು. ನೀರುಳ್ಳಿ, ಬೆಳ್ಳುಳ್ಳಿ, ಬಟಾಟೆ, ಟೊಮೆಟೊ ಗಿಡದ ಎಲೆ, ಬೆಣ್ಣೆಹಣ್ಣು, ಇವು ವಿಷ.

ಬೇಸಗೆಯ ಬಿಸಿ, ಮಳೆಗಾಲದ ಥಂಡಿ

ಗಿನಿಯಿಲಿಗೆ ಹಿತವಾದ ಉಷ್ಣತೆ 18ರಿಂದ 24 ಡಿಗ್ರಿ. ಅದು ನಮ್ಮಂತೆ ಬೆವರುವುದಿಲ್ಲ. 30 ಡಿಗ್ರಿ ದಾಟಿದರೆ ಅದರ ಪ್ರಾಣಕ್ಕೆ ಕುತ್ತು. ಮಾರ್ಚಿನಿಂದ ಮೇ ತಿಂಗಳವರೆಗೆ ನಮ್ಮ ಕರಾವಳಿಯ ಸೆಕೆ ಎಂಥದೆಂದು ವಾಚಕರಿಗೆ ಹೇಳಬೇಕಾಗಿಲ್ಲ. ಟೆರೇಸಿನ ಮೇಲೆ, ತಗಡಿನ ಮಾಡಿನ ಕೆಳಗೆ, ಪಡುವಣ ಬಿಸಿಲು ಬೀಳುವ ಜಗಲಿಯಲ್ಲಿ ಗೂಡು ಇಡುವುದೆಂದರೆ ಅದನ್ನು ಒಲೆಯ ಮೇಲೆ ಇಟ್ಟಂತೆ. ಹಂಚಿನ ಮನೆಯ ಒಳಕೋಣೆಯ ನೆಲವೇ ಅದಕ್ಕೆ ಉತ್ತಮ ಸ್ಥಳ. ಗೂಡಿನಲ್ಲಿ ಮಣ್ಣಿನ ಮಡಕೆಯೊಂದನ್ನು ಅಡ್ಡ ಮಲಗಿಸಿಟ್ಟರೆ ಅದು ಒಳಹೊಕ್ಕು ತಂಪಾಗಿ ಮಲಗುತ್ತದೆ. ತೀರ ಸೆಕೆಯ ಮಧ್ಯಾಹ್ನ ನೀರು ಹೆಪ್ಪುಗಟ್ಟಿಸಿದ ಬಾಟ್ಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡಬಹುದು. ಬಾಯಿ ತೆರೆದು ಉಸಿರೆಳೆಯುತ್ತ ಚಾಚಿ ಬಿದ್ದಿದ್ದರೆ ಒದ್ದೆ ಬಟ್ಟೆಯಿಂದ ಮೈ ಮತ್ತು ಕಾಲುಗಳನ್ನು ಒರೆಸಿ ಕೂಡಲೇ ಡಾಕ್ಟರರಲ್ಲಿಗೆ ಒಯ್ಯಬೇಕು. ಐಸು ನೀರಿನಲ್ಲಿ ಮುಳುಗಿಸಬಾರದು.

ಮಳೆಗಾಲದ ತೊಂದರೆ ಬೇರೆ. ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ ಬೀಳುವ ನಮ್ಮಲ್ಲಿ ಹುಲ್ಲು ಬೂಸಲು ಹಿಡಿಯುತ್ತದೆ, ಹಾಸು ಒಣಗುವುದಿಲ್ಲ. ಒದ್ದೆ ಹಾಸಿನಿಂದ ಶ್ವಾಸಕೋಶದ ಕಾಯಿಲೆ, ಪಾದದ ಹುಣ್ಣು, ಹುಳುಕಡ್ಡಿ ಬರುತ್ತವೆ. ಹುಳುಕಡ್ಡಿ ಮಕ್ಕಳಿಗೂ ಅಂಟುವ ರೋಗ. ಆದ್ದರಿಂದ ಮುಟ್ಟಿದ ಮೇಲೆ ಸಾಬೂನು ಹಾಕಿ ಕೈ ತೊಳೆಯುವ ಅಭ್ಯಾಸ ಬೇಕೇಬೇಕು. ಹುಲ್ಲು ತಂದರೆ ನೀರು ಝಾಡಿಸಿ, ಆರಿಸಿ ಹಾಕಬೇಕು. ಹಾಸಿಗೆ ಹಳೆಯ ಪತ್ರಿಕೆಯ ಮೇಲೆ ಬೈಹುಲ್ಲು ಸಾಕು. ಓದಿ ಮುಗಿಸಿದ ಈ ಪತ್ರಿಕೆಯನ್ನು ಹಾಸಿದರೂ ನಮ್ಮ ಆಕ್ಷೇಪವಿಲ್ಲ, ದಿನಾಲೂ ಬದಲಾಯಿಸಿದರೆ ಸರಿ.

ಗೂಡು ಎಷ್ಟು ದೊಡ್ಡದಿರಬೇಕು? ಎರಡು ಪ್ರಾಣಿಗಳಿಗೆ ಕಡಿಮೆಯೆಂದರೆ ನಾಲ್ಕಡಿ ಉದ್ದ, ಎರಡಡಿ ಅಗಲ. ಇದು ಹತ್ತುವ ಪ್ರಾಣಿಯಲ್ಲ, ಓಡುವ ಪ್ರಾಣಿ. ಎತ್ತರಕ್ಕಿಂತ ನೆಲ ಮುಖ್ಯ. ಗಿಳಿಯ ಪಂಜರದಲ್ಲಿ, ಕೋಳಿ ಬುಟ್ಟಿಯಲ್ಲಿ ಇಡುವುದು ಶಿಕ್ಷೆಯೇ ಸರಿ. ನೆಲ ತಂತಿಯದಾಗಿದ್ದರೆ ಪಾದದಲ್ಲಿ ಹುಣ್ಣಾಗುತ್ತದೆ, ಹಲಗೆಯದಾಗಿರಲಿ. ಬದಿಗಳಿಗೆ ಅರ್ಧ ಇಂಚಿಗಿಂತ ಚಿಕ್ಕ ಕಣ್ಣಿನ ಬಲೆ ಬೇಕು. ನಾಯಿ ಬೆಕ್ಕುಗಳು ಮಾತ್ರವಲ್ಲ, ಕೇರೆಹಾವೂ ಮುಂಗುಸಿಯೂ ನಮ್ಮ ಹಿತ್ತಲಿನ ನಿವಾಸಿಗಳೇ. ಅಡಗಿ ಕೂರಲು ಬಗ್ಗಿಸಿ ಕಟ್ಟಿದ ಅಡಿಕೆ ಹಾಳೆ, ಸೊಪ್ಪು ಹಾಕಲು ಗೆರಟೆ, ನೀರಿಗೆ ಮಗುಚದಂಥ ಭಾರದ ಮಣ್ಣಿನ ಪಾತ್ರೆ. ಇದಕ್ಕೆಲ್ಲ ಪೇಟೆಗೆ ಹೋಗಬೇಕಾಗಿಲ್ಲ.

ಜೋಡಿ ಬೇಕು, ಸಂಸಾರ ಬೇಡ

ಒಂಟಿಯಾಗಿಟ್ಟ ಗಿನಿಯಿಲಿ ಕೊರಗುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ 2008ರಿಂದ ಒಂಟಿ ಗಿನಿಯಿಲಿಯನ್ನು ಸಾಕುವುದೇ ಕಾನೂನಿಗೆ ವಿರುದ್ಧ, ಸಂಗಾತಿ ಇರಲೇಬೇಕು. ಆದರೆ ಸಂಗಾತಿಯೆಂದರೆ ಗಂಡು ಹೆಣ್ಣಿನ ಜೋಡಿ ಎಂದು ತಿಳಿಯಬಾರದು. ಹೆಣ್ಣು ನಾಲ್ಕಾರು ವಾರಗಳಲ್ಲೇ ಗಬ್ಬ ಧರಿಸಬಲ್ಲುದು. 59ರಿಂದ 72 ದಿನಗಳಲ್ಲಿ ಎರಡು ಮೂರು, ಕೆಲವೊಮ್ಮೆ ಹೆಚ್ಚು ಮರಿ ಹಾಕುತ್ತದೆ. ಹಾಕಿದ ಕೆಲವೇ ಗಂಟೆಗಳಲ್ಲಿ ಮತ್ತೆ ಗಬ್ಬ ನಿಲ್ಲುವುದೂ ಉಂಟು. ಹೀಗೆ ಬಿಟ್ಟರೆ ವರ್ಷದೊಳಗೆ ಗೂಡು ತುಂಬಿ, ತಾಯಿ ಸೊರಗಿ, ಮರಿಗಳನ್ನು ಹಂಚಲು ಮನೆಮನೆ ಅಲೆಯಬೇಕಾಗುತ್ತದೆ. ಇದಕ್ಕೆ ವಿರುದ್ಧವಾಗಿ, ಏಳೆಂಟು ತಿಂಗಳು ಕಳೆದ ಮೇಲೆ ಮೊದಲ ಬಾರಿ ಗಬ್ಬ ನಿಂತರೆ ಸೊಂಟದ ಎಲುಬು ಬೆಸೆದುಕೊಂಡಿರುವುದರಿಂದ ಹೆರಿಗೆಯಾಗದೆ ತಾಯಿ ಮರಿ ಎರಡೂ ಸಾಯಬಹುದು. ಆದ್ದರಿಂದ ಎರಡು ಹೆಣ್ಣು, ಅಥವಾ ಎಳವೆಯಿಂದ ಒಟ್ಟಿಗೆ ಬೆಳೆದ ಎರಡು ಗಂಡು, ಇದೇ ಕ್ಷೇಮ. ಗಂಡು ಹೆಣ್ಣು ಗುರುತಿಸುವುದನ್ನು ಅಂಗಡಿಯವರ ಮಾತಿಗೆ ಬಿಡದೆ ಪಶುವೈದ್ಯರಿಗೆ ತೋರಿಸಬೇಕು. ಮನೆಯಲ್ಲಿ ಮರಿಗಳಾದರೆ ಗಂಡು ಮರಿಗಳನ್ನು ಮೂರು ವಾರ ತುಂಬುವಾಗಲೇ ಬೇರ್ಪಡಿಸಬೇಕು.

ಮೊಲದ ಜೊತೆಗೆ ಒಂದೇ ಗೂಡಿನಲ್ಲಿ ಹಾಕುವ ಕ್ರಮವೂ ನಮ್ಮಲ್ಲಿದೆ. ಇದು ತಪ್ಪು. ಮೊಲಕ್ಕೆ ಏನೂ ಮಾಡದ ಒಂದು ಬಗೆಯ ರೋಗಾಣು ಗಿನಿಯಿಲಿಗೆ ನ್ಯುಮೋನಿಯ ತರುತ್ತದೆ. ಮೊಲದ ಹಿಂಗಾಲಿನ ಒದೆತವೂ ಚಿಕ್ಕದಲ್ಲ.

ಮನೆಯ ಮದ್ದು ಮುಟ್ಟಬೇಡಿ

ಹಿರಿಯರೊಬ್ಬರೊಡನೆ ಈ ಮಾತು ಬಂದಾಗ, “ಹಟ್ಟಿಯಲ್ಲಿ ಹತ್ತು ದನ ಸಾಕಿದವರಿಗೆ ಒಂದು ಇಲಿ ಸಾಕಲು ಪಾಠ ಬೇಕೇ ಮಾಷ್ಟ್ರೇ?” ಎಂದು ನಕ್ಕರು. ಬೇಕು ಎಂಬುದೇ ನಮ್ಮ ಉತ್ತರ. ಹಟ್ಟಿಯ ಅನುಭವವೇ ಇಲ್ಲಿ ಅಪಾಯ ತರಬಹುದು. ದನದ ಕೆಚ್ಚಲು ಬಾವಿಗೆ ಪೆನಿಸಿಲಿನ್ ಕೊಡುತ್ತಾರೆ, ಗುಣವಾಗುತ್ತದೆ. ಅದೇ ಪೆನಿಸಿಲಿನ್, ಅಥವಾ ಮಗುವಿಗೆ ಜ್ವರ ಬಂದಾಗ ತಂದು ಉಳಿದ ಅಮಾಕ್ಸಿಸಿಲಿನ್, ಗಿನಿಯಿಲಿಯ ಹೊಟ್ಟೆಗೆ ಹೋದರೆ ಕರುಳಿನ ಒಳ್ಳೆಯ ಸೂಕ್ಷ್ಮಾಣುಗಳು ಸತ್ತು, ವಿಷಕಾರಿ ಸೂಕ್ಷ್ಮಾಣುಗಳು ಹೆಚ್ಚಿ, ಕೆಲವೇ ದಿನಗಳಲ್ಲಿ ಪ್ರಾಣ ಹೋಗುತ್ತದೆ. ಒಂದು ಪ್ರಾಣಿಯ ಅಮೃತ ಇನ್ನೊಂದರ ವಿಷ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಕಾಯಿಲೆಯನ್ನು ಗುರುತಿಸಲು ಅತ್ಯಂತ ಸುಲಭ ಉಪಾಯ ತೂಕ. ಬೆಳೆದ ಪ್ರಾಣಿ 700ರಿಂದ 1200 ಗ್ರಾಂ ತೂಗುತ್ತದೆ. ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿಟ್ಟು ತೂಗಿ, ಒಂದು ಪುಸ್ತಕದಲ್ಲಿ ಬರೆದಿಡಬೇಕು. ಈ ಪ್ರಾಣಿ ತನ್ನ ಕಾಯಿಲೆಯನ್ನು ಮುಚ್ಚಿಡುತ್ತದೆ, ಸಂಖ್ಯೆ ಮುಚ್ಚಿಡುವುದಿಲ್ಲ. ವಾರದಲ್ಲಿ 50 ಗ್ರಾಂ ಇಳಿದರೆ ಎಚ್ಚರ, 100 ಗ್ರಾಂ ಇಳಿದರೆ ಆಸ್ಪತ್ರೆ. ಅರ್ಧ ದಿನ ಏನೂ ತಿನ್ನದೆ ಕುಳಿತರೆ ನಾಳೆ ನೋಡೋಣ ಎನ್ನಬಾರದು. ಕರುಳು ನಿಂತರೆ ಒಂದೆರಡು ದಿನಗಳಲ್ಲೇ ಕೈ ಮೀರಿಹೋಗುತ್ತದೆ. ಮೈ ವಿಪರೀತ ಕೆರೆದುಕೊಂಡು ರೋಮ ಉದುರಿದರೆ ಕಣ್ಣಿಗೆ ಕಾಣದ ಉಣ್ಣೆಯಂಥ ಹುಳಗಳ ಬಾಧೆ. ಬೇವಿನೆಣ್ಣೆ, ಸೀಮೆಎಣ್ಣೆಗಳ ಪ್ರಯೋಗ ಬೇಡ, ವೈದ್ಯರಲ್ಲಿ ಮದ್ದಿದೆ. ತನ್ನ ಹಿಕ್ಕೆಯನ್ನು ತಾನೇ ತಿನ್ನುವುದನ್ನು ಕಂಡು ಮಕ್ಕಳು ಹೇಸುತ್ತಾರೆ, ಅದು ರೋಗವಲ್ಲ. ಒಮ್ಮೆ ಕರುಳು ದಾಟಿದ ಮೆತ್ತನೆಯ ಹಿಕ್ಕೆಯಲ್ಲಿ ಉಳಿದ ಸತ್ವವನ್ನು ಹಾಗೆ ಮತ್ತೆ ಪಡೆಯುತ್ತದೆ. ದನ ಮೆಲುಕು ಹಾಕುವುದಕ್ಕೆ ಸಮಾನ ಎಂದರೆ ಮಕ್ಕಳಿಗೆ ತಿಳಿಯುತ್ತದೆ.

ಇಷ್ಟೆಲ್ಲ ಯಾಕೆ?

ಮನುಷ್ಯರ ಕಷ್ಟವೇ ಹಾಸಿ ಹೊದೆಯುವಷ್ಟಿರುವಾಗ ಒಂದು ಇಲಿಯ ವಿಚಾರಕ್ಕೆ ಪತ್ರಿಕೆಯಲ್ಲಿ ಇಷ್ಟು ಜಾಗವೇ ಎಂದು ಕೆಲವರು ಕೇಳಿಯಾರು. ನಾವು ಯಾರನ್ನೂ ಗಿನಿಯಿಲಿ ಸಾಕಿರೆಂದು ಒತ್ತಾಯಿಸುತ್ತಿಲ್ಲ. ಇಷ್ಟು ಮಾಡಲು ಆಗದಿದ್ದರೆ ತರಬೇಡಿ ಎನ್ನುತ್ತಿದ್ದೇವೆ. ಸಾಕದಿರುವುದು ತಪ್ಪಲ್ಲ, ಗೂಡಿನಲ್ಲಿ ಹಾಕಿ ಮರೆಯುವುದು ತಪ್ಪು. ನಾಯಿ ಹಸಿದರೆ ನೆರೆಮನೆಗೆ ಹೋದೀತು, ಬೆಕ್ಕು ಬೇಟೆಯಾಡೀತು. ಗೂಡಿನೊಳಗಿನದಕ್ಕೆ ನಾವು ಕೊಟ್ಟದ್ದೇ ಆಹಾರ, ನಾವು ಇಟ್ಟದ್ದೇ ಹವೆ. ಬಾಗಿಲು ತೆರೆದು ಗುಡ್ಡಕ್ಕೆ ಬಿಟ್ಟರೂ ಅದು ಬದುಕದು. ಒಂದೇ ರಾತ್ರಿಯಲ್ಲಿ ಯಾವುದಾದರೊಂದು ಪ್ರಾಣಿಯ ಬಾಯಿಗೆ ಬೀಳುತ್ತದೆ.

ಇದಕ್ಕಿಂತಲೂ ನಮ್ಮನ್ನು ಚಿಂತೆಗೀಡುಮಾಡುವುದು ‘ಬೇರೊಂದು ತಂದುಕೊಡುತ್ತಾರಂತೆ’ ಎಂಬ ಮಾತು. ಮಗು ಅತ್ತಿತು, ಸಮಾಧಾನಕ್ಕಾಗಿ ಅಪ್ಪ ಹಾಗೆಂದರು. ಅವರ ಮನಸ್ಸು ಕೆಟ್ಟದ್ದಲ್ಲ. ಆದರೆ ಒಂದು ಸತ್ತಿತು, ಇನ್ನೊಂದು ತಂದರಾಯಿತು ಎಂಬ ಪಾಠ ಮಗುವಿನ ಮನಸ್ಸಿನಲ್ಲಿ ಇಳಿದುಬಿಡುತ್ತದೆ. ಸೀಸದ ಕಡ್ಡಿ ಮುರಿದರೆ ಇನ್ನೊಂದು, ಚೆಂಡು ಕಳೆದರೆ ಇನ್ನೊಂದು, ಜೀವ ಹೋದರೆ ಇನ್ನೊಂದು. ಹೀಗೆ ಕಲಿತ ಮಗು ಮುಂದೆ ಮುಪ್ಪಿನ ಅಜ್ಜಿಯನ್ನೋ ಕಾಯಿಲೆಯ ನೆರೆಯವರನ್ನೋ ಹೇಗೆ ನೋಡೀತು? ಸತ್ತದ್ದು ಯಾಕೆಂದು ತಿಳಿಯುವ ಮೊದಲು ಇನ್ನೊಂದನ್ನು ತರಕೂಡದು. ಮಗುವಿನ ಮೇಲೆ ದೋಷ ಹೊರಿಸುವುದೂ ಸಲ್ಲದು. ಹತ್ತು ವರ್ಷದ ಮಗು ಎಂಟು ವರ್ಷದ ಹೊಣೆಯನ್ನು ಒಂಟಿಯಾಗಿ ಹೊರಲಾರದು. ಮಗು ಹುಲ್ಲು ಹಾಕಲಿ, ತೂಕ ಬರೆಯಲಿ, ಹೊಣೆ ಹಿರಿಯರದಾಗಿರಲಿ.

ಶಾಲೆಯಲ್ಲಿ ಸಾಕಿದರೇನು ಎಂಬ ಸಲಹೆಯನ್ನೂ ಕೇಳಿದ್ದೇವೆ. ನಮ್ಮ ಅಭಿಪ್ರಾಯದಲ್ಲಿ ಅದು ಬೇಡ. ಓಣಂ ರಜೆ, ಕ್ರಿಸ್ಮಸ್ ರಜೆ, ಎಪ್ರಿಲ್-ಮೇ ತಿಂಗಳ ದೊಡ್ಡ ರಜೆ ಬಂದಾಗ ಗೂಡಿಗೆ ಯಾರು ಗತಿ? ಶನಿವಾರ ಭಾನುವಾರದ ಎರಡು ದಿನ ಹುಲ್ಲಿಲ್ಲದಿದ್ದರೂ ಸಾಕು, ಸೋಮವಾರ ಮಕ್ಕಳು ನೋಡುವುದು ಹೆಣವನ್ನು.

ಕಾನೂನೂ ಈ ವಿಷಯದಲ್ಲಿ ಮೌನವಾಗಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೆಯ ಕಲಮು, ಕದಲಲು ಸಾಕಷ್ಟು ಸ್ಥಳವಿಲ್ಲದ ಗೂಡಿನಲ್ಲಿ ಪ್ರಾಣಿಯನ್ನು ಇಡುವುದನ್ನೂ, ಸಾಕಷ್ಟು ಆಹಾರ, ನೀರು, ಆಸರೆ ಕೊಡದಿರುವುದನ್ನೂ ಅಪರಾಧವೆನ್ನುತ್ತದೆ. 2018ರ ನಿಯಮಗಳ ಪ್ರಕಾರ ಸಾಕುಪ್ರಾಣಿ ಮಾರುವ ಅಂಗಡಿಗಳು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಕೊಳ್ಳುವವರು ನೋಂದಣಿ ಪತ್ರ ತೋರಿಸಿರೆಂದು ಕೇಳುವ ರೂಢಿ ಮಾಡಿಕೊಂಡರೆ ಅರ್ಧ ಅನ್ಯಾಯ ತಪ್ಪೀತು.

ನಮ್ಮ ಭಾಷೆಯಲ್ಲಿ ತಿಳಿಯಲಿ

ಕೊನೆಯದಾಗಿ ಒಂದು ಮಾತು. ಅಂಗಡಿಯವರು ಹೇಳುವ ನಾಲ್ಕು ಮಾತು ಮಲಯಾಳದಲ್ಲಿ, ಆಹಾರದ ಪೊಟ್ಟಣದ ಮೇಲಿನ ಅಕ್ಷರ ಇಂಗ್ಲಿಷಿನಲ್ಲಿ. ಗೂಡಿನ ಮುಂದೆ ಕುಳಿತ ಮಗು ಕಲಿಯುತ್ತಿರುವುದು ಕನ್ನಡದಲ್ಲಿ. ಮಲಯಾಳ ನಮ್ಮ ನೆರೆಯ ಭಾಷೆ, ಅದನ್ನು ಕಲಿಯುವುದರಲ್ಲಿ ನಷ್ಟವಿಲ್ಲ. ಆದರೆ ಯಾವ ಸೊಪ್ಪು ಆಗುತ್ತದೆ, ಯಾವ ಮದ್ದು ಆಗುವುದಿಲ್ಲ ಎಂಬ ಮಾತು ಮಗುವಿಗೆ ತನ್ನ ಓದುವ ಭಾಷೆಯಲ್ಲಿ ಸಿಗದಿದ್ದರೆ, ಆ ಭಾಷೆ ಪಾಠಪುಸ್ತಕಕ್ಕೂ ಯಕ್ಷಗಾನದ ಚೌಕಿಗೂ ಮಾತ್ರ ಎಂದು ಅದು ತೀರ್ಮಾನಿಸುತ್ತದೆ. ಕನ್ನಡ ಉಳಿಯಬೇಕೆಂದು ಸಭೆಗಳಲ್ಲಿ ಹೇಳುವ ನಾವು, ಜೀವ ಉಳಿಸುವ ಇಂಥ ಚಿಕ್ಕ ತಿಳಿವಳಿಕೆಯನ್ನು ಕನ್ನಡದಲ್ಲಿ ಕೊಡುವುದರಿಂದಲೇ ಆರಂಭಿಸಬೇಕು.

1969ರ ಕೇರಳ ಆಡಳಿತ ಭಾಷಾ ಕಾಯಿದೆಯ ಪ್ರಕಾರ ಭಾಷಾ ಅಲ್ಪಸಂಖ್ಯಾತ ಪ್ರದೇಶಗಳೆಂದು ಘೋಷಿಸಲಾದಲ್ಲಿ ಕನ್ನಡಿಗರು ಸರಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯಬಹುದು, ಉತ್ತರವನ್ನೂ ಕನ್ನಡದಲ್ಲಿ ಪಡೆಯಬಹುದು. ಈ ಹಕ್ಕನ್ನು ಭೂಮಿಯ ಕಾಗದಪತ್ರಗಳಿಗೆ ಮಾತ್ರ ಮೀಸಲಿಡಬೇಕಾಗಿಲ್ಲ. ಸಾಕುಪ್ರಾಣಿಗಳ ಪಾಲನೆಯ ಬಗ್ಗೆ ಕನ್ನಡದಲ್ಲಿ ಒಂದು ಕರಪತ್ರ ಬೇಕೆಂದು ಪಶುಸಂಗೋಪನಾ ಇಲಾಖೆಗೆ ಒಂದು ಅರ್ಜಿ ಬರೆಯೋಣ. ಹೈಸ್ಕೂಲಿನ ಮಕ್ಕಳಿಂದಲೇ ಬರೆಸೋಣ. ಪತ್ರಲೇಖನದ ಪಾಠವೂ ಆಯಿತು.

ಕರಪತ್ರ ಬರುವ ತನಕ ಕಾಯಬೇಕಾಗಿಲ್ಲ. ಗಿನಿಯಿಲಿ ಇರುವ ಮನೆಯವರು ಒಂದು ಹಾಳೆಯಲ್ಲಿ ಮಗುವಿನ ಕೈಯಲ್ಲೇ ಆರು ಸಾಲು ಬರೆಸಿ ಗೂಡಿನ ಮೇಲೆ ಅಂಟಿಸಲಿ: ಹುಲ್ಲು ಮುಗಿಯಬಾರದು, ದಿನಾಲೂ ‘ಸಿ’ ಇರುವ ಸೊಪ್ಪು ತರಕಾರಿ, ಹಾಸು ಒಣಗಿರಲಿ, ಬಿಸಿಲು ತಾಗದಿರಲಿ, ಭಾನುವಾರ ತೂಕ, ಊಟ ಬಿಟ್ಟರೆ ಅದೇ ದಿನ ಮೃಗಾಸ್ಪತ್ರೆ. ಏಳನೆಯ ಸಾಲಾಗಿ, ಈ ಮನೆಯಲ್ಲಿ ಇದಕ್ಕೆ ಹೊಣೆಗಾರರಾದ ಹಿರಿಯರ ಹೆಸರು ಬರೆಯಲಿ. ಆ ಸಾಲಿಗೆ ಹೆಸರು ಕೊಡಲು ಯಾರೂ ಮುಂದೆ ಬಾರದ ಮನೆಗಳು ಗಿನಿಯಿಲಿಯನ್ನು ತಾರದಿರಲಿ ಎಂಬುದು ನಮ್ಮ ವಿನಂತಿ.